ಕರೆಗಂಟೆಯೊಳಗಿನ ಜಗಲಿ

"ನಿಮ್ಮ ಮನೆಯ ಗೋಡೆ ಇವತ್ತು ನನ್ನ ಹತ್ತಿರ ಮಾತಾಡಿತು" ಎಂದು ಪಕ್ಕದ ಮನೆಯ ರೀಟಕ್ಕ ಹೇಳಿದಾಗ ನಾನು ಆಫೀಸಿನಿಂದ ಬಂದು ಸೈಕಲ್ಲಿಗೆ ಬೀಗ ಹಾಕುತ್ತಿದ್ದೆ. ಎಂಬತ್ತರ ಹತ್ತಿರ ಬಂದ ಹೆಂಗಸು. ಪಾಪ, ವಯಸ್ಸಾಯಿತು ಎಂದುಕೊಂಡೆ. "ಹೌದಾ? ಏನು ಹೇಳಿತು?" ಎಂದು ಸಣ್ಣ ಮಕ್ಕಳನ್ನು ಕೇಳುವ ಹಾಗೆ ಕೇಳಿದೆ. ಅವರು ನೆಟ್ಟಗೆ ನಿಂತು, ನಾಲಿಗೆಯನ್ನು ಎರಡು ಸಲ ಆಚೀಚೆ ಹೊರಳಿಸಿ, "ವನಸ್ ಆಂಡಾ" ಎಂದರು.

ನನ್ನ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು.

ತುಳುವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಊಟ ಆಯ್ತಾ ಎಂದರ್ಥ. ನಾವಿರುವುದು ಹಾಲೆಂಡಿನ ಬಾಡ್‌ಹೂವೆಡಾರ್ಪ್ ಎಂಬ ಊರಿನಲ್ಲಿ, ಸ್ಕಿಪೋಲ್ ವಿಮಾನ ನಿಲ್ದಾಣದ ಮಗ್ಗುಲಿಗೆ. ನಮ್ಮ ಬೀದಿಯಲ್ಲಿ ತುಳು ಬಲ್ಲವರು ನಾನು, ನನ್ನ ಗಂಡ ಹರೀಶ, ಕೇಳಿದರೆ ಅರ್ಥವಾಗುವ ಆದರೆ ಡಚ್ಚಿನಲ್ಲೇ ಉತ್ತರ ಕೊಡುವ ಮಗಳು ಅನ್ವಿ, ಇಷ್ಟೇ ಜನ. ಆ ಹೊತ್ತಿನಲ್ಲಿ ಮೂವರೂ ಮನೆಯಲ್ಲಿರಲಿಲ್ಲ. ಗೋಡೆಯೊಳಗಿಂದ ಮಾತಾಡಿದ್ದು ಯಾರೆಂದು ನನಗೆ ತಟ್ಟನೆ ಹೊಳೆಯಿತು. ಉಡುಪಿಯ ಅಂಬಲಪಾಡಿಯಲ್ಲಿ, ನನ್ನ ಅಣ್ಣನ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಫೋನು ಹಿಡಿದು ಕೂತಿದ್ದ ನನ್ನ ಅಮ್ಮ.

ಇದು ಹೇಗಾಯಿತೆಂದು ಹೇಳಬೇಕಾದರೆ ಅಮೆರಿಕದಿಂದ ಶುರು ಮಾಡಬೇಕು. ನಾವು ಹಾಲೆಂಡಿಗೆ ಬಂದದ್ದೇ ಅಮೆರಿಕ ನಮ್ಮನ್ನು ಬೇಡವೆಂದದ್ದಕ್ಕೆ. ಹರೀಶನ ವೀಸಾ ಅರ್ಜಿ ಅಲ್ಲಿಯ ಲಾಟರಿಯಲ್ಲಿ ಎದ್ದು ಬರಲೇ ಇಲ್ಲ. ಇಲ್ಲಿಯ ಕೆಲಸ ಸಿಕ್ಕಿತು, ಬಂದೆವು, ಸುಖವಾಗಿಯೇ ಇದ್ದೇವೆ. ಆದರೂ ಮಾತುಕತೆ ಮುರಿದುಬಿದ್ದ ಸಂಬಂಧದ ಮನೆಯವರು ಈಗ ಹೇಗಿದ್ದಾರೆ ಎಂದು ವಿಚಾರಿಸುವ ಹಾಗೆ ನನ್ನ ಗಂಡ ದಿನಾ ಬೆಳಿಗ್ಗೆ ಅಮೆರಿಕದ ಸುದ್ದಿ ಓದುತ್ತಾನೆ. ಅಲ್ಲಿಯ ಕಂಪನಿಗಳು ಹೊಸದೇನು ಮಾಡಿದರೂ ಅದು ನಮ್ಮ ಮನೆಗೆ ಬರಬೇಕು. ಕರೆದರೆ ಓಗೊಡುವ ಡಬ್ಬಿ, ನಿದ್ದೆಗೆ ಅಂಕ ಕೊಡುವ ಗಡಿಯಾರ, ಫೋನಿನಿಂದ ಆರಿಸುವ ದೀಪ. ಎದ್ದು ಹೋಗಿ ಸ್ವಿಚ್ಚು ಒತ್ತಿದರೆ ಮೂರೇ ಹೆಜ್ಜೆ ಮಾರಾಯ್ರೇ! ಕೊನೆಗೆ ಬಂದದ್ದು ಕ್ಯಾಮೆರಾ ಇರುವ ಕರೆಗಂಟೆ. ಬಾಗಿಲಿಗೆ ಬಂದವರನ್ನು ಅದು ತೋರಿಸುತ್ತದೆ, ನಾವು ಎಲ್ಲಿದ್ದರೂ ಅವರ ಜೊತೆ ಮಾತಾಡಿಸುತ್ತದೆ. ನಿನ್ನೆ ಯಾರು ಬಂದಿದ್ದರು ಎಂದು ನೋಡಬೇಕಾದರೆ ಮಾತ್ರ ತಿಂಗಳು ತಿಂಗಳು ಕಂಪನಿಗೆ ಬಾಡಿಗೆ ಕಟ್ಟಬೇಕು. ನನ್ನ ಬಾಗಿಲು, ನನ್ನ ಮೆಟ್ಟಿಲು, ನೋಡಲಿಕ್ಕೆ ಬಾಡಿಗೆ ಇನ್ನೊಬ್ಬರಿಗೆ! ಇವತ್ತಿನ ವ್ಯಾಪಾರದ ಗುಟ್ಟೇ ಇದು ಎಂದು ನನ್ನ ಅಭಿಪ್ರಾಯ. ಮೊದಲು ವಸ್ತು ಮಾರುತ್ತಿದ್ದರು, ತಂದ ಮೇಲೆ ಅದು ನಮ್ಮದಾಗುತ್ತಿತ್ತು. ಈಗ ತಂದ ಮೇಲೆ ನಾವೇ ಅದರವರಾಗುತ್ತೇವೆ.

ಅಮ್ಮನಿಗೆ ಇಲ್ಲಿಗೆ ಬರುವ ಹಾಗಿಲ್ಲ. ಅಷ್ಟು ಹೊತ್ತಿನ ವಿಮಾನ ಪ್ರಯಾಣ ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಹರೀಶ, ಅತ್ತೆಯ ಮೇಲಿನ ಪ್ರೀತಿಯಿಂದಲೇ, ಕರೆಗಂಟೆಯ ಆ್ಯಪನ್ನು ಅವರ ಫೋನಿಗೆ ಹಾಕಿಕೊಟ್ಟ. "ಅತ್ತೆ, ಇನ್ನು ನೀವೂ ನಮ್ಮನೆ ಬಾಗಿಲಲ್ಲೇ ಇರಿ" ಎಂದ. ಅಮ್ಮ ಅದನ್ನು ಅಕ್ಷರಶಃ ನಂಬಿದರು.

ಮದುವೆಯಾಗಿ ಬಂದಂದಿನಿಂದ ಅಮ್ಮ ಜಗಲಿಯಲ್ಲಿ ಕೂತ ಹೆಂಗಸು. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಎಲ್ಲಿಗೆ ಹೊರಟದ್ದು, ಊಟ ಆಯ್ತಾ, ಮಗಳ ಹೆರಿಗೆ ಆಯ್ತಾ, ಇಷ್ಟು ಕೇಳದೆ ಮುಂದೆ ಬಿಡುವವರಲ್ಲ. ಈಗ ಅವರಿಗೆ ಎರಡು ಜಗಲಿ. ಮೂರು ತಿಂಗಳಲ್ಲಿ ನಮ್ಮ ಬೀದಿಯನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡರು. ಸಂಜೆ ಫೋನು ಮಾಡಿದರೆ ವರದಿ ಶುರು.

"ಆ ಕೆಂಪು ಜಾಕೆಟಿನವ ನಾಯಿ ಬದಲಾಯಿಸಿದ್ದಾನೆ, ಗೊತ್ತುಂಟಾ? ಮೊದಲಿನದ್ದು ಸತ್ತಿತೋ ಎಂತದೋ ಪಾಪ."

"ನನಗೆ ಗೊತ್ತಿಲ್ಲಮ್ಮ."

"ಎಂತ ಹುಡುಗಿಯೇ ನೀನು! ಎದುರು ಮನೆ ಅಲ್ವಾ? ಮತ್ತೆ ಮೂಲೆ ಮನೆಯ ಹೆಂಗಸು ಬಸುರಿ. ನಡಿಗೆ ನೋಡಿದ್ರೆ ಗೊತ್ತಾಗ್ತದೆ. ಆ ಹೊಟ್ಟೆ ಇಟ್ಕೊಂಡು ಸೈಕಲ್ ತುಳಿತಾಳೆ ಮಾರಾಯ್ತಿ, ದೇವರೇ!"

ಅವರಿಗೆ ಎಲ್ಲರಿಗಿಂತ ಇಷ್ಟವಾದವರು ರೀಟಕ್ಕ. ಹೆಸರು ನಿಜವಾಗಿ ರೀಟ್. ಈ ದೇಶದಲ್ಲಿ ಎಷ್ಟೇ ಹಿರಿಯರಾದರೂ ಬರಿ ಹೆಸರು ಹಿಡಿದು ಕರೆಯಬೇಕು, ಹಾಗೆ ಕರೆಯದಿದ್ದರೆ ಅವರಿಗೇ ಇರಿಸುಮುರಿಸು. ನನ್ನ ಬಾಯಿ ರೀಟ್ ಎನ್ನುತ್ತದೆ, ಬರೆಯುವಾಗ ಕೈ ಕೇಳುವುದಿಲ್ಲ. ಅಮ್ಮನ ಬಾಯಲ್ಲಿ ಅವರು ಮಂಗಳೂರಿನ ಕ್ರೈಸ್ತ ಹೆಂಗಸರ ಹಾಗೆ ರೀಟಾಬಾಯಿ.

ಆ ರೀಟಕ್ಕ ಇಲ್ಲದಿದ್ದರೆ ನಾನು ಈ ಊರಿನಲ್ಲಿ ಉಳಿಯುತ್ತಲೇ ಇರಲಿಲ್ಲ. ಬಂದ ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾದರೆ ನನ್ನೊಳಗೂ ಕತ್ತಲಾಗುತ್ತಿತ್ತು. ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಯಾರೋ ಮಾತಾಡಿಸಲು ಬಂದರೆಂದು ಓಡಿದೆ. "ನೀವು ರದ್ದಿ ಕಾಗದವನ್ನು ತಪ್ಪು ಡಬ್ಬಿಗೆ ಹಾಕುತ್ತೀರಿ" ಎಂದರು ರೀಟಕ್ಕ. ಅದೇ ಮೊದಲ ಮಾತು. ನನಗೆ ಅಳು ಬಂತು. ನಮ್ಮಲ್ಲಾದರೆ ಮೊದಲು ಊರು ಕೇಳಿ, ಮಕ್ಕಳೆಷ್ಟು ಕೇಳಿ, ಕಾಫಿ ಕುಡಿದು, ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಡಬ್ಬಿಯ ವಿಷಯ ಎತ್ತುತ್ತೇವೆ. ಇಲ್ಲಿ ಡಬ್ಬಿಯೇ ಮೊದಲು. ನಾನು ಅತ್ತದ್ದನ್ನು ನೋಡಿ ಅವರು ಗಾಬರಿಯಾದರು. ಜೇಬಿನಿಂದ ಡೈರಿ ತೆಗೆದು, "ಬುಧವಾರ ಹತ್ತು ಗಂಟೆಗೆ ಕಾಫಿಗೆ ಬರುತ್ತೀರಾ?" ಎಂದು ಕೇಳಿದರು. ಇಲ್ಲಿ ಇದಕ್ಕೆ ಅಫ್‌ಸ್ಪ್ರಾಕ್ ಎನ್ನುತ್ತಾರೆ, ಮೊದಲೇ ಗೊತ್ತುಮಾಡಿದ ಭೇಟಿ. ಅದಿಲ್ಲದೆ ಅಣ್ಣತಮ್ಮಂದಿರೂ ಒಬ್ಬರ ಮನೆಗೊಬ್ಬರು ಹೋಗುವುದಿಲ್ಲ. ಅಂದಿನಿಂದ ನನಗೆ ಬುಧವಾರ ರಜೆ, ರಜೆಯ ಬೆಳಿಗ್ಗೆ ರೀಟಕ್ಕ. ಒಂದು ಕಪ್ ಕಾಫಿ, ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಮುಚ್ಚುತ್ತಾರೆ. ನನ್ನ ಡಚ್ ಬಂದದ್ದು ಆ ಮೇಜಿನಿಂದ. ಎರಡನೇ ವರ್ಷ ನಾನು ನೀರುದೋಸೆ ಒಯ್ದಾಗ ಅವರು ಎರಡನೆಯದನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡರು. ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆ ಮೇಜಿನ ಮೇಲೆ ಈಚೆಗೆ ಬಿಸ್ಕತ್ತಿಗಿಂತ ಹೆಚ್ಚು ಬಡಿಸುವುದು ಅಮೆರಿಕವನ್ನೇ. ನಾನು ಕೆಲಸ ಮಾಡುವುದು ಆಲ್ಸ್‌ಮೇರ್‌ನಲ್ಲಿ, ಹೂ ರಫ್ತು ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಹೂ ಹಡಗಿಗೋ ವಿಮಾನಕ್ಕೋ ಹೋಗಲು ಬೇಕಾದ ಕಾಗದಪತ್ರ ನನ್ನದು. ಅಮೆರಿಕದ ಅಧ್ಯಕ್ಷರು ಒಂದು ದಿನ ಸುಂಕ ಎನ್ನುತ್ತಾರೆ. ನಾವು ಲೆಕ್ಕವೆಲ್ಲ ತಿದ್ದಿ ಕೂತರೆ ಸದ್ಯಕ್ಕೆ ಬೇಡ ಎನ್ನುತ್ತಾರೆ. ತಿದ್ದಿದ್ದನ್ನು ಮತ್ತೆ ತಿದ್ದುವಷ್ಟರಲ್ಲಿ ಇನ್ನೊಂದು ಹೇಳಿಕೆ. ಆನೆ ನಡೆದದ್ದೇ ದಾರಿ. ಅವರಿಗೆ ಸಿಟ್ಟು ಇನ್ಯಾವುದೋ ದೊಡ್ಡ ದೇಶದ ಮೇಲೆ, ಪೆಟ್ಟು ನಮ್ಮ ಹೂವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಉಡುಪಿಯ ಹತ್ತಿರದ ಶಂಕರಪುರದ ಮಲ್ಲಿಗೆಯ ದರ ದಿನಾ ಏರುವುದು ಇಳಿಯುವುದು ನಾನು ನೋಡಿ ಬೆಳೆದದ್ದೇ. ಆದರೆ ಅದಕ್ಕೊಂದು ಕಾರಣ ಇರುತ್ತಿತ್ತು. ಮದುವೆ ಇದೆ, ಹಬ್ಬ ಇದೆ, ಮಳೆ ಬಂದು ಮೊಗ್ಗು ಉದುರಿದೆ. ಒಬ್ಬ ಮನುಷ್ಯನ ಬೆಳಗಿನ ಮನಸ್ಥಿತಿಯ ಮೇಲೆ ಹೂವಿನ ದರ ನಿಲ್ಲುವುದನ್ನು ನಾನು ಇಲ್ಲಿಗೆ ಬಂದೇ ಕಂಡದ್ದು. ಗೋದಾಮಿನಲ್ಲಿ ಕಬ್ಬಿಣ ಕಾಯಬಹುದು, ಹೂ ಕಾಯುವುದಿಲ್ಲ. ಅಷ್ಟು ದೊಡ್ಡ ದೇಶ ಆಳುವವರಿಗೆ ಇಷ್ಟು ಗೊತ್ತಿರಬೇಡವೇ?

ನನ್ನದು ಬರಿ ಸಿಟ್ಟು. ರೀಟಕ್ಕನದು ಸಂಕಟ. ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಹುಟ್ಟಿದವರು ಅವರು. ಅಮೆರಿಕದ ನೆರವಿನಿಂದ ಬಂದ ಯಂತ್ರಗಳ ಮೇಲೆ ಅವರ ಅಪ್ಪನಿಗೆ ಮತ್ತೆ ಕೆಲಸ ಸಿಕ್ಕಿತಂತೆ. "ನಮ್ಮ ಮನೆಯಲ್ಲಿ ಅಮೆರಿಕ ಎಂದರೆ ಅಪ್ಪ ತಲೆ ಎತ್ತಿ ಕೂರುತ್ತಿದ್ದರು" ಎಂದು ಒಮ್ಮೆ ಹೇಳಿದರು. ಗಂಡ ಬದುಕಿದ್ದಾಗ ಇಬ್ಬರೂ ಆ ದೇಶವನ್ನು ಬಸ್ಸಿನಲ್ಲಿ ಸುತ್ತಿ ಬಂದಿದ್ದರು. ಈಗ ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡಕ ಹಾಕಿಕೊಂಡು ಡಬ್ಬಿಗಳ ಹಿಂದಿನ ಅಕ್ಷರ ಓದುತ್ತಾರೆ, ಅಮೆರಿಕದ್ದಾದರೆ ವಾಪಸು ಇಡುತ್ತಾರೆ. ಬೀದಿಯವರೆಲ್ಲ ಇರುವ ಮೆಸೇಜ್ ಗುಂಪಿನಿಂದಲೂ ಹೊರಬಂದರು, ಅದೂ ಅಲ್ಲಿಯ ಕಂಪನಿಯದು ಎಂದು. ನಾನು ರೇಗಿಸಿದ್ದೆ: "ನೀವು ಒಂದು ಕೆಚಪ್ ಬಾಟಲಿ ಬಿಟ್ಟರೆ ಅವರು ಹೆದರುತ್ತಾರಾ?" ರೀಟಕ್ಕ ನಗಲಿಲ್ಲ. "ಅವರು ಹೆದರಲಿ ಎಂದಲ್ಲ. ಇಷ್ಟಪಟ್ಟವರು ಬಾಯಿಗೆ ಬಂದ ಹಾಗೆ ಮಾತಾಡಿದರೆ ಅವರ ಮನೆಗೆ ಹೋಗುವುದನ್ನು ನಿಲ್ಲಿಸುತ್ತೇವಲ್ಲ, ಹಾಗೆ" ಎಂದರು.

ಅಂಥವರಿಗೆ ನಮ್ಮ ಅಮೆರಿಕದ ಕರೆಗಂಟೆಯೊಳಗಿಂದ ಅಮ್ಮ ಊಟ ಆಯ್ತಾ ಕೇಳಿಬಿಟ್ಟಿದ್ದರು.

ನಡೆದದ್ದಿಷ್ಟು. ಹರೀಶನ ಯಾವುದೋ ಹೊಸ ಪಾರ್ಸೆಲ್ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಇಲ್ಲಿಯ ಪದ್ಧತಿಯಂತೆ ಅದನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದರು. ರೀಟಕ್ಕ ಅದನ್ನು ತಲುಪಿಸಲು ನಮ್ಮ ಬಾಗಿಲಿಗೆ ಬಂದು ಗಂಟೆ ಒತ್ತಿದರು. ಅಂಬಲಪಾಡಿಯಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಪರದೆಯ ತುಂಬ ರೀಟಾಬಾಯಿಯ ಮುಖ! ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸುವುದುಂಟೇ?

"ಯಾರದು?" ಎಂದು ರೀಟಕ್ಕ ಆ ಸಂಜೆ ಸೈಕಲ್ ಪಕ್ಕದಲ್ಲಿ ನಿಂತು ನನ್ನನ್ನು ಕೇಳಿದರು. ನನ್ನ ಅಮ್ಮ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ.

"ನಿಮ್ಮ ಅಮ್ಮ ಎಷ್ಟು ದಿನದಿಂದ ನನ್ನನ್ನು ನೋಡುತ್ತಿದ್ದಾರೆ?"

"ಡಿಸೆಂಬರಿನಿಂದ."

"ನಾನು ನೈಟ್‌ಗೌನಿನಲ್ಲಿ ಕಸದ ಡಬ್ಬಿ ಎಳೆದುಕೊಂಡು ಹೋಗುವುದನ್ನೂ?"

ನೈಟ್‌ಗೌನಿನ ಬಣ್ಣ ಸಮೇತ ಅಮ್ಮ ನನಗೆ ವರ್ಣಿಸಿದ್ದರು. "ನೀವು ನನಗೆ ಹೇಳಬೇಕಿತ್ತು" ಎಂದು ಹೇಳಿ ರೀಟಕ್ಕ ಪಾರ್ಸೆಲನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದರು. ಮುಂದಿನ ಬುಧವಾರ ನಾನು ಹೋದಾಗ ಬಾಗಿಲು ಅರ್ಧ ತೆರೆದು, ಇವತ್ತು ಅನುಕೂಲವಿಲ್ಲ ಎಂದರು. ಅದರ ಮುಂದಿನ ಬುಧವಾರವೂ ಅದೇ. ಮನೆಗಳ ಹಿಂದೆ ಒಂದು ಇಕ್ಕಟ್ಟಿನ ಓಣಿಯಿದೆ, ಸೈಕಲ್ ಒಳಗೆ ತರಲಿಕ್ಕೆ. ಅವರು ಪೇಟೆಗೂ ಅದೇ ದಾರಿಯಲ್ಲಿ ಹೋಗಿಬರತೊಡಗಿದರು. ಆ ವಯಸ್ಸಿನಲ್ಲಿ, ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ. ಅಡುಗೆಮನೆಯ ಕಿಟಕಿಯಿಂದ ಅವರು ಓಣಿ ದಾಟುವವರೆಗೂ ನೋಡುತ್ತಿದ್ದೆ.

ಹರೀಶನಿಗೆ ಇದು ಅರ್ಥವೇ ಆಗಲಿಲ್ಲ. "ಲೇ, ಇಲ್ಲಿ ಯಾರ ಮನೆಗೂ ಪರದೆ ಇಲ್ಲ. ರಸ್ತೆಯಲ್ಲಿ ಹೋಗೋರಿಗೆ ಅವರ ಊಟದ ತಟ್ಟೆ ಕಾಣತ್ತೆ. ನಿಮ್ಮಮ್ಮ ನೋಡಿದ್ರೆ ಏನು ಪ್ರಾಬ್ಲಮ್ಮು?" ಎಂದ. ಅವನು ಹೇಳಿದ್ದು ನಿಜವೇ. ಈ ಜನ ಸಂಜೆ ದೀಪ ಹಾಕಿ ದೊಡ್ಡ ಕಿಟಕಿಯನ್ನು ಬಟಾಬಯಲು ಬಿಟ್ಟು ಕೂರುತ್ತಾರೆ, ನಾವು ಎರಡೆರಡು ಪರದೆ ಎಳೆಯುತ್ತೇವೆ. ತೆರೆದು ಕೂರುವವರಿಗೆ ಕ್ಯಾಮೆರಾ ಬೇಡ, ಮುಚ್ಚಿ ಕೂರುವ ನಮಗೆ ಅದು ಬೇಕು. ವಿಚಿತ್ರ ಅನಿಸಿತು. ಅನ್ವಿ ಮಾತ್ರ ಊಟ ಮಾಡುತ್ತಾ, "ರೀಟ್ ಓಮಾ ನಮ್ಮನೆಗೆ ಯಾಕೆ ಬರ್ತಿಲ್ಲ?" ಎಂದು ಕೇಳಿದಳು. ಓಮಾ ಎಂದರೆ ಅಜ್ಜಿ.

ಅದೇ ಪ್ರಶ್ನೆ ಅಂಬಲಪಾಡಿಯಿಂದಲೂ ಬಂತು. "ರೀಟಾಬಾಯಿ ಕಾಣುದೇ ಇಲ್ಲ ಈಗ. ಹುಷಾರಿಲ್ವಾ? ಒಮ್ಮೆ ಹೋಗಿ ನೋಡ್ಲಿಕ್ಕೆ ನಿಂಗೆ ಎಂತ ಧಾಡಿ?" ಅಮ್ಮ ನನ್ನನ್ನು ಬೈಯುತ್ತಿದ್ದರು. ನಾಲ್ಕೈದು ದಿನ ಏನೇನೋ ಹೇಳಿ ಜಾರಿಕೊಂಡೆ. ಕ್ಯಾಮೆರಾ ತೆಗೆದರೆ ಅಮ್ಮನಿಗೆ ನನ್ನ ಬಾಗಿಲು ಮುಚ್ಚಿದ ಹಾಗೆ, ಇಟ್ಟುಕೊಂಡರೆ ರೀಟಕ್ಕ ನನ್ನ ಪಾಲಿಗೆ ಇಲ್ಲ. ಅವರಿಬ್ಬರಲ್ಲಿ ಒಬ್ಬರನ್ನು ಆರಿಸಿಕೊ ಎಂದರೆ ನಾನು ಎಲ್ಲಿಗೆ ಹೋಗಲಿ? ಕೊನೆಗೆ ಒಂದು ಭಾನುವಾರ ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ.

ಅಮ್ಮ, "ನಾನು ಕದ್ದು ನೋಡಿದ್ದಲ್ಲ ಮಗಾ, ಜಗಲಿಯಲ್ಲಿ ಕೂತು ನೋಡಿದ್ದು" ಎಂದರು. ದನಿ ಸಣ್ಣಗಾಗಿತ್ತು.

"ಗೊತ್ತಮ್ಮ."

"ಜಗಲಿಯಲ್ಲಿ ಕೂತವಳು ದಾರಿಯಲ್ಲಿ ಹೋಗುವವರಿಗೂ ಕಾಣ್ತಾಳೆ. ಬೇಕಾದ್ರೆ ಮಾತಾಡ್ತಾರೆ, ಬೇಡದಿದ್ರೆ ಮುಖ ತಿರುಗಿಸಿ ಹೋಗ್ತಾರೆ. ರೀಟಾಬಾಯಿಗೆ ನಾನು ಕಾಣ್ತಿದ್ದೆನಾ?"

"ಇಲ್ಲಮ್ಮ."

"ಹಾಗಾದ್ರೆ ಅದು ಕದ್ದು ನೋಡಿದ ಹಾಗೇ ಆಯ್ತು. ತೆಗಿ ಅದನ್ನು. ನಂಗೆಂತ, ಟಿವಿ ಉಂಟಲ್ಲ."

ಟಿವಿ ಉಂಟಲ್ಲ ಎಂದ ಆ ಮಾತಿಗೆ ನಾನು ಬಚ್ಚಲುಮನೆಗೆ ಹೋಗಿ ಅತ್ತೆ. ಹರೀಶ ಸ್ಕ್ರೂಡ್ರೈವರ್ ತಂದು ಆ ಯಂತ್ರವನ್ನು ಬಿಚ್ಚಿದ, ಟ್ರಿಣ್ ಎನ್ನುವ ಮಾಮೂಲಿ ಗಂಟೆ ಹಾಕಿದ. ಮರುದಿನದಿಂದ ಅಮ್ಮನ ಫೋನು ಚುಟುಕಾಯಿತು. ಹೇಗಿದ್ದೀರಿ, ಚೆನ್ನಾಗಿದ್ದೇನೆ, ಇಡ್ತೇನೆ.

ರೀಟಕ್ಕನ ಬಾಗಿಲಿಗೆ ನಾನು ಅಫ್‌ಸ್ಪ್ರಾಕ್ ಇಲ್ಲದೆಯೇ ಹೋದೆ. ಡಬ್ಬಿಯ ವಿಷಯ ಮೊದಲು ಹೇಳುವುದನ್ನು ಅವರಿಂದಲೇ ಕಲಿತಿದ್ದೆನಲ್ಲ. "ಕ್ಯಾಮೆರಾ ತೆಗೆದೆ. ತೆಗೆಯಲು ಹೇಳಿದ್ದು ಅಮ್ಮ" ಎಂದೆ, ಅಮ್ಮ ಹೇಳಿದ್ದನ್ನೆಲ್ಲ ನನಗೆ ಬಂದ ಡಚ್ಚಿನಲ್ಲಿ ಒಪ್ಪಿಸಿದೆ. ಜಗಲಿಗೆ ಡಚ್ಚಿನಲ್ಲಿ ಸರಿಯಾದ ಪದ ಸಿಗಲಿಲ್ಲ. ಬಾಗಿಲ ಮುಂದೆ ಎತ್ತರದ ಕಟ್ಟೆ, ಹೆಂಗಸರು ಅಲ್ಲಿ ಕೂರುತ್ತಾರೆ, ಹೋಗುವವರನ್ನೆಲ್ಲ ಊಟ ಆಯ್ತಾ ಎಂದು ಕೇಳುತ್ತಾರೆ ಎಂದು ಬಿಡಿಸಿ ಹೇಳಿದೆ.

"ಅವರು ಕೇಳಿದ್ದು ಅದನ್ನಾ? ಊಟ ಆಯ್ತಾ ಅಂತ?" ರೀಟಕ್ಕ ಬಾಗಿಲನ್ನು ಪೂರ್ತಿ ತೆರೆದರು.

ಕಾಫಿ ಸೋಸುತ್ತಾ ತಮ್ಮ ಅಮ್ಮನ ಕಥೆ ಹೇಳಿದರು. ಹಾರ್ಲೆಮ್‌ನ ಹಳೆಯ ಬೀದಿಯಲ್ಲಿ ಅವರ ಮನೆ. ಮೊಣಕಾಲು ಹೋದ ಮೇಲೆ ಅಮ್ಮ ಮಹಡಿಯ ಕಿಟಕಿಯ ಬಳಿಯೇ ಕೂತಿರುತ್ತಿದ್ದರು. ಕಿಟಕಿಯ ಹೊರಗೆ ಬೀದಿ ಕಾಣುವ ಹಾಗೆ ಓರೆಯಾಗಿ ಒಂದು ಕನ್ನಡಿ. ಅಂಥ ಕನ್ನಡಿಗೆ ಇಲ್ಲಿ ಸ್ಪಿಯೋನೆಟ್ಯ ಎನ್ನುತ್ತಾರೆ, ಪುಟ್ಟ ಗೂಢಚಾರ. "ಕನ್ನಡಿಯ ಹಿಂದೆ ಯಾರು ಕೂತಿದ್ದಾರೆಂದು ಬೀದಿಗೆಲ್ಲ ಗೊತ್ತಿತ್ತು. ರೊಟ್ಟಿಯವನು ಕನ್ನಡಿಗೇ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ. ನಿಮ್ಮ ಅಮ್ಮ ನೋಡಲಿ, ನನಗೇನೂ ಇಲ್ಲ. ನೈಟ್‌ಗೌನು ಅವರ ಹತ್ತಿರವೂ ಇರುತ್ತದೆ. ಆದರೆ ಅವರ ಹಿಂದೆ ನಿಂತು ಇನ್ಯಾರೋ ನೋಡುತ್ತಾರಲ್ಲ, ಹೆಸರಿಲ್ಲದವರು, ನಾನು ಕೈ ಬೀಸಲಾಗದವರು, ಅವರು ಬೇಡ" ಎಂದರು. ಅಮೆರಿಕದ ಬಗ್ಗೆ, ಈ ಯಂತ್ರಗಳ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಊಟದ ಹೊತ್ತಿನಲ್ಲಿ ಹರೀಶನ ಜೊತೆ ಜಗಳವಾಡಿದ್ದೇನೆ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ದೊಡ್ಡವರು ಸಣ್ಣವರನ್ನು ಕಾಣದ ಜಾಗದಿಂದ ನೋಡುತ್ತಿದ್ದಾರೆ, ಸಣ್ಣವರು ತಿರುಗಿ ನೋಡುವ ಹಾಗಿಲ್ಲ. ಸುಂಕದ ವಿಷಯವೂ ಅದೇ, ಕರೆಗಂಟೆಯದೂ ಅದೇ.

"ಇನ್ನು ಮುಂದೆ ನೀವೇ ನೋಡಿ ನಿಮ್ಮ ಅಮ್ಮನಿಗೆ ಹೇಳಿ" ಎಂದರು ರೀಟಕ್ಕ. ಹಾಗಾಗಿ ಈಗ ನಾನು ಪರದೆ ಸರಿಸಿ ಕೂರುತ್ತೇನೆ. ಮೂಲೆ ಮನೆಯ ಮರಿಯಾಳಿಗೆ ಗಂಡು ಮಗು ಎಂದು ವರದಿ ಒಪ್ಪಿಸಿದ ದಿನ ಅಮ್ಮನ ದನಿ ಮರಳಿತು. "ನಾನು ಹೇಳಿರಲಿಲ್ವಾ?" ಎಂದು ಶುರು ಮಾಡಿದವರು ಅರ್ಧ ಗಂಟೆ ಬಿಡಲಿಲ್ಲ.

ಹೋದ ಬುಧವಾರ ರೀಟಕ್ಕ ಬಿಸ್ಕತ್ತಿನ ಡಬ್ಬಿ ಮುಚ್ಚದೆ ಹಾಗೇ ಬಿಟ್ಟು ಕೇಳಿದರು: "ನಿಮ್ಮ ಅಮ್ಮನಿಗೆ ನನ್ನ ವಿಷಯ ಎಲ್ಲ ಗೊತ್ತು. ಅವರ ಬಾಗಿಲ ಮುಂದೆ ಯಾರು ಹೋಗುತ್ತಾರೆ? ನನಗೂ ಹೇಳಿ."

ನನಗೆ ಉತ್ಸಾಹ ಬಂತು. ಮಲ್ಪೆಯಿಂದ ಮೀನಿನ ಗುಲಾಬಕ್ಕ ಬರುತ್ತಾರೆ, ತಲೆಯ ಮೇಲೆ ಬುಟ್ಟಿ, ಅವರ ಕೂಗು ಎರಡು ಬೀದಿಯಾಚೆಗೆ ಕೇಳುತ್ತದೆ ಎಂದೆ. ಒಂದು ಮೀನಿಗೆ ಅಮ್ಮನ ಜೊತೆ ಹೇಗೆ ಚೌಕಾಸಿ, ಜಗಳ, ಆಮೇಲೆ ಹೇಗೆ ಜಗಲಿಯಲ್ಲೇ ಕೂತು ಎಲೆ ಅಡಿಕೆ ಹಾಕುತ್ತಾರೆ ಎಂದು ಅಭಿನಯಿಸಿ ತೋರಿಸಿದೆ. ರೀಟಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸಂಜೆ ಅಮ್ಮನಿಗೆ ಹೇಳಿದೆ, ನಿಮ್ಮ ರೀಟಾಬಾಯಿಗೆ ಗುಲಾಬಕ್ಕನ ಪರಿಚಯ ಮಾಡಿಸಿದೆ ಎಂದು.

"ಯಾವ ಗುಲಾಬಕ್ಕ ಮಾರಾಯ್ತಿ? ಅವಳು ತೀರಿಹೋಗಿ ಎಷ್ಟೋ ಸಮಯ ಆಯ್ತಲ್ಲ. ನಿಂಗೆ ಫೋನಿನಲ್ಲಿ ಹೇಳಿದ್ದೆ. 'ಅಯ್ಯೋ' ಅಂದಿದ್ದಿ."

ಅಯ್ಯೋ ಎಂದದ್ದೂ ನನಗೆ ನೆನಪಿರಲಿಲ್ಲ. ಈಗ ಮೀನು ಹೇಗೆ ಬರುತ್ತದೆ ಎಂದು ಕೇಳಿದೆ. ಅತ್ತಿಗೆ ಫೋನಿನಲ್ಲಿ ಒತ್ತುತ್ತಾರಂತೆ, ಹೆಲ್ಮೆಟ್ ಹಾಕಿದವನು ಗೇಟಿಗೆ ತೂಗುಹಾಕಿ ಹೋಗುತ್ತಾನಂತೆ. ಮುಖ ಕಾಣುವುದಿಲ್ಲ, ಮಾತಿಲ್ಲ. ಅಮ್ಮನ ಎದುರು ಮನೆಯ ಟೀಚರು ಮನೆ ಮಾರಿ ಹೋದರಂತೆ, ಈಗ ಅಲ್ಲಿ ಹಾಸ್ಟೆಲ್ಲು. "ಹೋಗುವವರಿಗೆಲ್ಲ ಕಿವಿಯಲ್ಲಿ ಹಾಡು ಕೇಳುವ ಬಳ್ಳಿ. ಕೇಳಿದ್ರೂ ಕೇಳುದಿಲ್ಲ ಅವಕ್ಕೆ. ಹಾಗೇ ನಿನ್ನ ಬೀದಿ ನೋಡ್ತಿದ್ದೆ" ಎಂದರು ಅಮ್ಮ.

ಈ ಬುಧವಾರ ಹತ್ತು ಗಂಟೆಗೆ ಹೋದಾಗ ರೀಟಕ್ಕ ಬಾಗಿಲು ತೆರೆದವರೇ ಕೇಳಿದರು: "ಗುಲಾಬಕ್ಕ ಹೇಗಿದ್ದಾರೆ? ಬಂದಿದ್ದರಾ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

"ಬಂದಿದ್ದರು" ಎಂದೆ. "ಇವತ್ತು ಒಳ್ಳೆ ಬಂಗುಡೆ ಸಿಕ್ಕಿತಂತೆ."